ಬೇಲಿಗೆ ಕಟ್ಟಿದ ಕೂದಲು

ನೀಲಿ ಬಣ್ಣದ ಬಿಸ್ಕತ್ತಿನ ಡಬ್ಬಿಯನ್ನು ಯಾರೂ ನಂಬಬಾರದು. ನಮ್ಮವರ ಮನೆಗಳಲ್ಲಿ ಅದರೊಳಗೆ ಬಿಸ್ಕತ್ತು ಇರುವುದು ಅಂಗಡಿಯಿಂದ ತಂದ ಮೊದಲ ವಾರ ಮಾತ್ರ. ಆಮೇಲೆ ಸೂಜಿ, ದಾರ, ಜೋಡಿ ತಪ್ಪಿದ ಗುಂಡಿ, ಸತ್ತ ಮೊಬೈಲಿನ ಚಾರ್ಜರು, ಕೆಲವು ಮನೆಗಳಲ್ಲಿ ಹುಣಸೆಹಣ್ಣು. ಇಷ್ಟು ಲೋಕಜ್ಞಾನ ಇಲ್ಲದ ಸಹನಾ ಎಂಬ ಹುಡುಗಿ ಹೋದ ತಿಂಗಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಮಂಡ್ಯದವಳು, ಇಂಗ್ಲೆಂಡಿನಲ್ಲಿ ನಾವಿರುವ ಬೀಸ್ಟನ್ನಿನ ಪಕ್ಕದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ ಓದುತ್ತಿದ್ದಾಳೆ. ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದೆ. "ಆಂಟಿ, ಒಂದು ಬಿಸ್ಕೆಟ್ ತಗೊಳ್ಲಾ?" ಎಂದು ಕೇಳಿದಳು. ಸಾಸಿವೆ ಸಿಡಿಯುವ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಹೂಂ ಅನ್ನುವವಳು ನಾನು. "ತಗೊಳಮ್ಮ" ಎಂದೆ.

ಒಗ್ಗರಣೆ ಮುಗಿಯಿತು. ಹೊರಗೆ ಬಂದು ನೋಡಿದರೆ ಡಬ್ಬಿಯ ಮುಚ್ಚಳ ಮೊದಲಿಗಿಂತ ಬಿಗಿಯಾಗಿ ಮುಚ್ಚಿತ್ತು. ಸಹನಾ ಸೋಫಾದ ತುದಿಯಲ್ಲಿ, ಎದ್ದು ಓಡಲು ಅನುಕೂಲವಾಗುವ ಹಾಗೆ ಕೂತಿದ್ದಳು. ಎರಡು ತುತ್ತು ಅನ್ನ ತಿಂದವಳಿಗೆ ಅಸೈನ್‌ಮೆಂಟಿನ ನೆನಪಾಯಿತು. ಡಬ್ಬಿಯಲ್ಲಿ ಇದ್ದದ್ದು ಒಂದು ಕಪ್ಪು ನೈಲಾನ್ ಕಾಲುಚೀಲ. ಅದರೊಳಗೆ ಒಂದು ಹಿಡಿ ನರೆತ ಕೂದಲು, ಬಾಯಿಗೆ ಹಸಿರು ದಾರದ ಗಂಟು. ಬೀಸ್ಟನ್ನಿನ ಗಿರಿಜಾ ಆಂಟಿ ಮಾಟ ಮಾಡಿಸುತ್ತಾಳೆ ಎಂಬ ಸುದ್ದಿ ಆ ಸಂಜೆಯೇ ಹಾಸ್ಟೆಲ್ ಮುಟ್ಟಿರಬೇಕು. ನಾನು ಔಷಧದ ಕಂಪನಿಯಲ್ಲಿ ಕೆಲಸ ಮಾಡುವವಳು, ಕಾರಣವಿಲ್ಲದೆ ಯಾವುದನ್ನೂ ನಂಬಬಾರದೆಂದು ಸಂಬಳ ತೆಗೆದುಕೊಳ್ಳುವವಳು. ಆದರೂ ಆ ಹುಡುಗಿಯ ಅನುಮಾನ ಪೂರ್ತಿ ತಪ್ಪು ಎಂದು ಹೇಳುವ ಧೈರ್ಯ ನನಗಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಬಿಸ್ಕತ್ತು ಬೇರೆ ಡಬ್ಬಿಯಲ್ಲಿದೆ.

ಕೂದಲು ನಮ್ಮವ್ವನದು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು ತಲೆ ಬಾಚುವುದೆಂದರೆ ಅರ್ಧ ಗಂಟೆಯ ಕೆಲಸ. ಸೊಂಟದ ಕೆಳಗೆ ಬೀಳುವ ಕೂದಲು, ಅಂಗೈ ತುಂಬ ಕೊಬ್ಬರಿ ಎಣ್ಣೆ. ಹಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಥೂ ಥೂ ಎಂದು ಎರಡು ಸಲ ಉಗುಳಿ, ಗೋಡೆಯಲ್ಲಿನ ಗೂಡಿನಂಥ ಮಾಡಿನಲ್ಲಿ ತುರುಕುತ್ತಿದ್ದಳು. ಉಗುಳದೆ ಎಸೆದರೆ ಯಾರೋ ಎತ್ತಿಕೊಂಡು ಹೋಗಿ ಏನೋ ಮಾಡುತ್ತಾರೆ. ಆ ಯಾರೋ ಯಾರು, ಆ ಏನೋ ಏನು ಎಂದು ಕೇಳಿದರೆ ತಲೆಯ ಮೇಲೆ ಹಣಿಗೆಯ ಏಟು ಬೀಳುತ್ತಿತ್ತು.

ತಿಂಗಳಿಗೊಮ್ಮೆ ಕೂದಲು ಕೊಳ್ಳುವವಳು ಓಣಿಗೆ ಬರುತ್ತಿದ್ದಳು. "ಕೂದ್ಲಿಗೆ ಪಿನ್ನಾ, ಸೂಜೀ" ಎಂದು ಮೂಗಿನಲ್ಲಿ ಕೂಗುತ್ತ, ಹೆಗಲಿಗೆ ಒಂದು ದೊಡ್ಡ ಗಂಟು. ಆ ಗಂಟಿನ ತುಂಬ ಊರ ಹೆಂಗಸರ ತಲೆಗಳೇ ಇವೆ ಎಂದು ನಾನು ನಂಬಿ, ಅವಳು ಬಂದಾಗ ಅಕ್ಕಿಯ ಚೀಲದ ಹಿಂದೆ ಅಡಗುತ್ತಿದ್ದೆ. ಅವಳು ನಮ್ಮವ್ವನ ಉಂಡೆಗಳನ್ನು ಮೂಸಿ ನೋಡುತ್ತಿದ್ದಳು. "ಇದು ನಿಮ್ದ, ಇದು ನಿಮ್ಮ ಅತ್ತಿದು" ಎಂದು ಬೇರೆ ಮಾಡುತ್ತಿದ್ದಳು, ಒಂದು ಸಲವೂ ತಪ್ಪುತ್ತಿರಲಿಲ್ಲ. ಎರಡು ಪಿನ್ನು ಕೊಟ್ಟು ಹೋಗುತ್ತಿದ್ದಳು. ಒಮ್ಮೆ ಅವಳ ಬಳಿ ಕೊಡಲು ಏನೂ ಇರಲಿಲ್ಲ, ಮುಂದಿನ ಸಲ ಕೊಡುತ್ತೇನೆಂದಳು. ಅವ್ವ ಉಂಡೆಗಳನ್ನು ವಾಪಸು ಕಸಿದುಕೊಂಡಳು. "ಕೂದ್ಲಾ ಪುಕ್ಕಟ ಕೊಡಬಾರದವಾ. ತಗೊಂಡಾಕಿ ಏನರ ಕೊಟ್ಟ ಹೋಗಬೇಕು. ಇಲ್ಲಂದ್ರ ಆಕಿ ತನಗ ಬೇಕಾದ್ದು ತಾನ ತಗೊಂತಾಳ" ಎಂದು ನನಗೆ ಆಮೇಲೆ ಹೇಳಿದ್ದಳು.

ಅವ್ವ ಬೀಸ್ಟನ್ನಿಗೆ ಮೂರು ಸಲ ಬಂದಿದ್ದಾಳೆ, ಪ್ರತಿ ಸಲ ಆರು ತಿಂಗಳು. ಇಲ್ಲಿಯೂ ಅಡುಗೆಮನೆಯ ಕಿಟಕಿಯ ಹತ್ತಿರ ಅದೇ ಅರ್ಧ ಗಂಟೆ, ಅದೇ ಥೂ ಥೂ. ಗೋಡೆಯಲ್ಲಿ ಮಾಡು ಇಲ್ಲದ ಕಾರಣ ಬಿಸ್ಕತ್ತಿನ ಡಬ್ಬಿ. "ಅವ್ವಾ, ಇಲ್ಲಿ ಕೂದ್ಲಾ ಕೊಳ್ಳಾಕ ಯಾರೂ ಬರೂದಿಲ್ಲ" ಎಂದರೆ, "ಬರ್ತಾಳ ತಗೋ, ಆಕಿ ಬರದ ಊರು ಇಲ್ಲ" ಎನ್ನುತ್ತಿದ್ದಳು. ಮೂರನೆಯ ಸಲ ವಾಪಸು ಹೋಗುವಾಗ ಡಬ್ಬಿ ತುಂಬಿ ಮುಚ್ಚಳ ಕೂರುತ್ತಿರಲಿಲ್ಲ.

ಈಗ ನಮ್ಮ ತೋಟದ ವಿಷಯ. ತೋಟ ಎಂದರೆ ನಗಬೇಡಿ. ಕೌನ್ಸಿಲ್‌ನವರು ಊರ ಅಂಚಿನಲ್ಲಿ ಬಾಡಿಗೆಗೆ ಕೊಡುವ ಒಂದು ಪಟ್ಟಿ ನೆಲ, ಅಲಾಟ್‌ಮೆಂಟ್ ಅನ್ನುತ್ತಾರೆ. ಅದರಲ್ಲಿ ನಾನು ಮೆಂತ್ಯ, ರಾಜಗಿರಿ, ಒಂದಿಷ್ಟು ಹುರುಳಿಕಾಯಿ ಹಾಕಿದ್ದೆ. ಬೇಲಿಯ ಆಚೆ ಒಬ್ಬ ರೈತನ ಸಣ್ಣ ಕಾಡು. ಆ ಕಾಡಿನಿಂದ ಮಂಟ್‌ಜ್ಯಾಕ್ ಎಂಬ ಗಿಡ್ಡ ಜಿಂಕೆ ಬರುತ್ತದೆ. ನಮ್ಮ ಕಡೆಯ ಕಾಡುಕುರಿಯ ದಾಯಾದಿ. ಯಾವುದೋ ಕಾಲದಲ್ಲಿ ಯಾರೋ ದೊಡ್ಡ ಮನುಷ್ಯರು ಪೂರ್ವದೇಶದಿಂದ ತಂದು ಸಾಕಿದ್ದಂತೆ, ತಪ್ಪಿಸಿಕೊಂಡು ಇಲ್ಲಿಯದೇ ಆಗಿಬಿಟ್ಟಿದೆ. ಅಷ್ಟರ ಮಟ್ಟಿಗೆ ನನ್ನ ನೆಂಟನೇ. ಆದರೆ ಅದರ ಕೂಗು ಕೇಳಿದರೆ ನೆಂಟಸ್ತಿಕೆ ಬೇಡ ಅನ್ನಿಸುತ್ತದೆ. ಕುತ್ತಿಗೆ ಹಿಸುಕಿದ ನಾಯಿಯ ಹಾಗೆ ಒಂದೇ ಒಂದು ಸಲ ಬೊಗಳಿ ನಿಲ್ಲಿಸುತ್ತದೆ. ಮತ್ತೆ ಬೊಗಳುತ್ತದೆಯೋ ಎಂದು ನೀವು ಉಸಿರು ಹಿಡಿದು ಕಾಯುತ್ತೀರಿ. ನೀವು ಉಸಿರು ಬಿಟ್ಟ ಕೂಡಲೇ ಬೊಗಳುತ್ತದೆ. ನನ್ನ ಮೆಂತ್ಯವನ್ನು ಅದು ನೆಲ ಮಟ್ಟಕ್ಕೆ ಕ್ಷೌರ ಮಾಡಿತು.

ಪಕ್ಕದ ಪಟ್ಟಿಯವನು ಕೀತ್. ಎಪ್ಪತ್ತು ದಾಟಿದ ಮುದುಕ, ಎಲ್ಲರನ್ನೂ ಈ ಊರಿನ ರೂಢಿಯಂತೆ "ಮಿ ಡಕ್" ಎಂದು ಕರೆಯುತ್ತಾನೆ. ಹೀಗೆ ಪ್ರೀತಿಯಿಂದ ನನ್ನ ಬಾತುಕೋಳಿ ಎಂದು ಕರೆಸಿಕೊಂಡು ಇಪ್ಪತ್ತು ವರ್ಷವಾಯಿತು, ಅಭ್ಯಾಸವಾಗಿದೆ. ರೈತನ ಒಪ್ಪಿಗೆ ಪಡೆದು ಆ ಕಾಡಿನಲ್ಲಿ ಜಿಂಕೆ ಬೇಟೆ ಆಡುತ್ತಾನೆ. ಅವನ ಬೇಟೆಯಲ್ಲಿ ಬಂದೂಕಿನ ಪಾಲು ಕಡಿಮೆ, ಸ್ನಾನದ ಪಾಲು ಹೆಚ್ಚು. ಮೂರು ದಿನ ಮೊದಲಿನಿಂದ ವಾಸನೆಯಿಲ್ಲದ ಸೋಪು. ಬಟ್ಟೆ ಒಗೆಯುವುದು ಅಡುಗೆ ಸೋಡಾದಲ್ಲಿ. ಒಣಗಿದ ಮೇಲೆ ಕಾಡಿನ ತರಗೆಲೆ ತುಂಬಿದ ಗೋಣಿಯಲ್ಲಿ ಇಟ್ಟು ಬಾಯಿ ಕಟ್ಟುತ್ತಾನೆ. ಬೂಟು ಮನೆಯ ಒಳಗೆ ಬರುವಂತಿಲ್ಲ. ಜೇಬಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಒಲೆಯ ಬೂದಿ. ಹಿಚುಕಿದರೆ ಬೂದಿ ಹಾರಿ ಗಾಳಿ ಯಾವ ಕಡೆಗೆ ಎಂದು ತೋರಿಸುತ್ತದೆ. ನಮ್ಮ ಮನೆಯಲ್ಲಿ ವಿಭೂತಿ ಗಟ್ಟಿ ಸವೆಯುವಷ್ಟೇ ಭಕ್ತಿಯಿಂದ ಅವನ ಬಾಟಲಿಯ ಬೂದಿ ಖರ್ಚಾಗುತ್ತದೆ.

"ಕಣ್ಣಿಗೆ ಮೋಸ ಮಾಡಬಹುದು, ಅಲುಗಾಡದೆ ಕೂತರೆ ಸಾಕು" ಎಂದು ಒಮ್ಮೆ ಹೇಳಿದ್ದ. "ಕಿವಿಗೂ ಮಾಡಬಹುದು. ಮೂಗಿಗೆ ಆಗುವುದಿಲ್ಲ ಮಿ ಡಕ್. ನಿನ್ನ ವಾಸನೆ ಜಿಂಕೆಗೆ ಸಿಕ್ಕರೆ ನೀನೇ ಹೋಗಿ ಅದರ ಮುಂದೆ ನಿಂತ ಹಾಗೆ. ನೀನು ಅಲ್ಲಿಂದ ಎದ್ದು ಹೋದ ಮೇಲೂ ನಿಂತೇ ಇರುತ್ತೀಯ."

ಅವನೇ ಉಪಾಯ ಹೇಳಿಕೊಟ್ಟಿದ್ದು. ಬೇಟೆಗಾರ ವಾಸನೆ ಮುಚ್ಚಬೇಕು, ತೋಟದವನು ಬಿಚ್ಚಬೇಕು. ಹಳೆಯ ಕಾಲುಚೀಲದಲ್ಲಿ ಮನುಷ್ಯರ ಕೂದಲು ತುಂಬಿ ಬೇಲಿಗೆ ಕಟ್ಟು, ಜಿಂಕೆ ಹತ್ತಿರ ಬರುವುದಿಲ್ಲ ಎಂದ. ಕ್ಷೌರದಂಗಡಿಯಿಂದ ತಂದುಕೋ ಎಂದ. ನಾನು ಯಾಕೆ ಕ್ಷೌರದಂಗಡಿಗೆ ಹೋಗಲಿ? ಅವ್ವ ಹೋದ ಮರುವಾರ, ಡಬ್ಬಿ ತೆರೆದು, ಹತ್ತು ಕಾಲುಚೀಲ ತುಂಬಿ ಬೇಲಿಗೆ ಸಾಲಾಗಿ ಕಟ್ಟಿದೆ. ಒಂಬತ್ತಕ್ಕೆ ಕಪ್ಪು ದಾರ. ದಾರ ಮುಗಿದದ್ದರಿಂದ ಮೂಲೆಯ ಗೂಟದ ಹತ್ತನೆಯದಕ್ಕೆ ಹಸಿರು. ಬಿಸಿಲು ಬಿದ್ದಾಗ ತೋಟದ ತುಂಬ ಅವ್ವನ ಕೊಬ್ಬರಿ ಎಣ್ಣೆಯ ವಾಸನೆ. ನಾನು ಕಳೆ ಕೀಳುತ್ತ ಎರಡು ಸಲ "ಏನವ್ವಾ" ಎಂದು ಹಿಂತಿರುಗಿ ನೋಡಿದ್ದುಂಟು.

ಜಿಂಕೆ ಬರಲಿಲ್ಲ. ಇಡೀ ಬೇಸಿಗೆ ಒಂದು ಎಲೆ ಮುಟ್ಟಲಿಲ್ಲ. ನಾನು ಹಿಗ್ಗಿನಿಂದ ಅವ್ವನಿಗೆ ಫೋನಿನಲ್ಲಿ ಹೇಳಿದೆ.

"ನನ್ನ ಕೂದ್ಲಾ ಬೇಲಿಗೆ ಕಟ್ಟೀ?"

"ಹೂಂ. ನೀ ಕಾವಲಾ ಕುಂತೀ ಅಂತ ಅದು ಬರವಲ್ದು."

"ಅದಕ್ಕ ಏನ್ ತಗೊಂಡಿ?"

"ಏನ್ ತಗೊಳ್ಳೂದವ್ವಾ? ಬೇಲಿ ಏನ್ ಕೊಡ್ತೈತಿ?"

"ಪುಕ್ಕಟ ಕೊಟ್ಟಿ ಹಂಗಾರ" ಎಂದಳು. ಆಮೇಲೆ ಮೆಂತ್ಯ ಎಷ್ಟು ಬಂತು ಎಂದು ಕೇಳಿದಳು.

ಒಂದು ತಿಂಗಳಿಗೆ ಅವಳ ಎದೆಯಲ್ಲಿ ಗಂಟು ಸಿಕ್ಕಿತು.

ಇಲ್ಲಿ ನಾನು ನನ್ನ ಓದಿನ ಮಾನ ಕಾಪಾಡಬೇಕು. ಗಂಟು ಬಹಳ ಹಿಂದೆಯೇ ಇದ್ದಿರಬೇಕು, ಕೂದಲಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಂಡೆ. ಸಂಬಂಧವಿಲ್ಲದ ವಿಷಯವನ್ನು ಯಾರೂ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುವುದಿಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ನಾನು ಹೋಗಿ ಮೂರು ವಾರ ಇದ್ದು ಬಂದೆ. ಇನ್ನು ಆರು ಸಲ ಔಷಧ ಕೊಡಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಕೂದಲು ಹೋಗುತ್ತದೆಯೇ ಎಂದು ಅವ್ವ ಕೇಳಿದಳು. ಹೋಗುತ್ತದೆ, ಮತ್ತೆ ಬರುತ್ತದೆ ಎಂದರು. "ಹಂಗಾರ ಬ್ಯಾಡ" ಎಂದುಬಿಟ್ಟಳು. ನಾನು ಬೀಸ್ಟನ್ನಿಗೆ ವಾಪಸು ಬಂದು ದಿನವೂ ಫೋನು ಮಾಡಿ ಗೋಗರೆದೆ, ಬೈದೆ, ಅತ್ತೆ. ನನ್ನ ತಮ್ಮ, ಅವನ ಹೆಂಡತಿ, ಓಣಿಯ ಹಿರಿಯರು ಎಲ್ಲರೂ ಹೇಳಿ ಸೋತರು. "ಆ ಔಷಧ ಪುಕ್ಕಟ ನನ್ನ ಕೂದ್ಲಾ ಕಸಗೊಂತೈತಿ, ನಾ ಕೊಡೂದಿಲ್ಲ" ಎಂಬುದು ಅವಳ ಹಟ. ಸೋಮವಾರದ ಒಳಗೆ ಹೂಂ ಅಥವಾ ಉಹೂಂ ತಿಳಿಸಿ ಎಂದು ಆಸ್ಪತ್ರೆಯವರು ಹೇಳಿದ್ದರು. ಉಹೂಂ ಎಂದರೆ ಏನು ಎಂಬುದು ಔಷಧದ ಕೆಲಸ ಮಾಡುವ ನನ್ನಂಥವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆ ವಾರ ನನ್ನ ಮುಖ ನೋಡಿ ಕೀತ್ "ಒಂದು ಬೆಳಿಗ್ಗೆ ನನ್ನ ಜೊತೆ ಬಂದು ಕೂತುಕೋ, ತಲೆ ಖಾಲಿಯಾಗುತ್ತದೆ" ಎಂದ. ಮೊಟ್ಟೆಯನ್ನೂ ಮುಟ್ಟದ ಮನೆತನದ ಹೆಣ್ಣುಮಗಳು ಜಿಂಕೆ ಬೇಟೆಗೆ ಹೊರಟಳು. ನನ್ನನ್ನು ವಾಸನೆಯಿಲ್ಲದವಳನ್ನಾಗಿ ಮಾಡುವುದು ಅವನ ಜೀವಮಾನದ ದೊಡ್ಡ ಸವಾಲಾಯಿತು. ಮೂರು ದಿನ ಇಂಗು ಇಲ್ಲ, ಬೆಳ್ಳುಳ್ಳಿ ಇಲ್ಲ, ಊದಿನಕಡ್ಡಿ ಇಲ್ಲ, ತಲೆಗೆ ಎಣ್ಣೆ ಇಲ್ಲ. ನನ್ನ ಕೋಟನ್ನು ಮೂಸಿ ಬೇಡವೆಂದು ತನ್ನ ಗೋಣಿಯಿಂದಲೇ ಒಂದು ಕೊಟ್ಟ. ಭಾನುವಾರ ಬೆಳಕು ಹರಿಯುವ ಮುಂಚೆ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಮೂಗಿಗೆ ನಾನು ಸಿಗಲಿಲ್ಲ. ಆ ಕೋಟಿನೊಳಗೆ ಯಾರೂ ಇಲ್ಲವೆಂದು ಒಂದು ಕ್ಷಣ ಭಯವಾಯಿತು.

ಕಾಡಿನ ಅಂಚಿನಲ್ಲಿ, ಮರಕ್ಕೆ ಒರಗಿಸಿ ಕಟ್ಟಿದ ಅಟ್ಟಣೆಯ ಮೇಲೆ ಇಬ್ಬರೂ ಕೂತೆವು. ಎದುರಿಗೆ ಮುಳ್ಳುಪೊದೆ, ಅದರಾಚೆ ಒಂದು ಮಣ್ಣಿನ ದಿಬ್ಬ. ಪೊದೆಯ ಪಕ್ಕದಲ್ಲೇ ನಮ್ಮ ಬೇಲಿಯ ಮೂಲೆಯ ಗೂಟ, ಅದರಲ್ಲಿ ಹಸಿರು ದಾರದ ಕಾಲುಚೀಲ. ಅಕ್ಟೋಬರಿನ ಮಂಜು ನೆಲಕ್ಕೆ ಅಂಟಿಕೊಂಡಿತ್ತು. ಏಳು ಗಂಟೆಯ ಹೊತ್ತಿಗೆ ಬೂದು ಬೆಳಕು ಬಂತು. ಕೀತ್ ಬಾಟಲಿ ಹಿಚುಕಿದ. ಬೂದಿ ನಮ್ಮ ಮುಖದ ಮುಂದಿನಿಂದ ಎದ್ದು ಮೆಲ್ಲಗೆ, ನೇರವಾಗಿ, ಗೂಟದ ಕಡೆಗೆ ಹೋಯಿತು. ಅವನು ತಲೆ ಅಲ್ಲಾಡಿಸಿದ. ಗಾಳಿ ನಮ್ಮ ಬೆನ್ನಿಗಿತ್ತು, ಇವತ್ತು ಯಾವುದೂ ಬರುವುದಿಲ್ಲ ಎಂದರ್ಥ.

ಆಗ ಅದು ಬಂತು. ಪೊದೆಯಿಂದ ಹೊರಗೆ ಬಂದದ್ದನ್ನು ನಾನು ನೋಡಲೇ ಇಲ್ಲ. ಇಲ್ಲದ ಕಡೆ ಇತ್ತು, ಅಷ್ಟೇ. ಬೆನ್ನು ಬಾಗಿದ, ಮೊಣಕಾಲೆತ್ತರದ ಹೆಣ್ಣು ಜಿಂಕೆ. ನಮ್ಮ ವಾಸನೆ ಪೂರ್ತಿ ಅದರ ಮುಖಕ್ಕೆ ಬಡಿಯುತ್ತಿತ್ತು, ಅದು ನಮ್ಮ ಕಡೆ ತಿರುಗಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ನೇರವಾಗಿ ಗೂಟದ ಹತ್ತಿರ ಹೋಗಿ, ಅವ್ವನ ಕೂದಲಿಗೆ ಮೂಗು ಒತ್ತಿತು. ಬಹಳ ಹೊತ್ತು ಹಾಗೆಯೇ ಮೂಸಿತು. ಉಂಡೆ ಮೂಸುವ ಆ ಹೆಂಗಸನ್ನು ನಾನು ನಲವತ್ತು ವರ್ಷದ ಮೇಲೆ ಆಗ ಮತ್ತೆ ನೋಡಿದೆ.

ಆಮೇಲೆ ಅದರ ಕಣ್ಣುಗಳ ಕೆಳಗೆ ಇನ್ನೊಂದು ಜೊತೆ ಕಣ್ಣು ತೆರೆದವು. ಕಣ್ಣಲ್ಲ, ವಾಸನೆಯ ಚೀಲಗಳು ಎಂದು ಕೀತ್ ಆಮೇಲೆ ಹೇಳಿದ. ತನ್ನದು ಎಂದು ಗುರುತು ಮಾಡಬೇಕಾದ ವಸ್ತುವಿಗೆ ಅವನ್ನು ತೆರೆದು ಉಜ್ಜುತ್ತದಂತೆ. ಆ ನಾಲ್ಕು ಕಣ್ಣಿನ ಮುಖವನ್ನು ಅದು ಕಾಲುಚೀಲಕ್ಕೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿಕ್ಕಿತು. ಕೀತ್‌ನ ಬಂದೂಕು ಹೆಗಲಿಗೇರಿತ್ತು. ಹಿಂದೆ ದಿಬ್ಬ, ಹತ್ತಿರದ ಗುರಿ. ಅವನು ಹೊಡೆಯಲಿಲ್ಲ. ಅದು ಬಂದ ಹಾಗೆಯೇ ಇಲ್ಲವಾಯಿತು.

"ಯಾಕೆ ಬಿಟ್ಟೆ?" ಎಂದು ಪಿಸುಗುಟ್ಟಿದೆ.

"ಅದಕ್ಕೆ ನಮ್ಮ ವಾಸನೆ ಸಿಕ್ಕಿದೆ. ಸಿಕ್ಕಿಯೂ ಓಡದೆ ನಿಂತಿತು" ಎಂದ. ಬಂದೂಕು ಕೆಳಗಿಳಿಸಿದ. "ಬೇರೆ ಕೆಲಸಕ್ಕೆ ಬಂದದ್ದನ್ನು ನಾನು ಹೊಡೆಯುವುದಿಲ್ಲ ಮಿ ಡಕ್."

ಬೇಸಿಗೆಯೆಲ್ಲ ಹೆದರಿಸಿದ ವಾಸನೆ ಇಂದು ಯಾಕೆ ಹೆದರಿಸಲಿಲ್ಲ? ಆ ಕೂದಲಿನೊಳಗೆ ಈಗ ಯಾರೂ ಇಲ್ಲವೇ? ಅಟ್ಟಣೆಯಿಂದ ಹೇಗೆ ಇಳಿದೆನೋ ತಿಳಿಯದು. ಬೇಲಿ ಹಿಡಿದು ನಿಂತು ಹುಬ್ಬಳ್ಳಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ ಹನ್ನೆರಡು. ತಮ್ಮ ಎತ್ತಲಿಲ್ಲ. ಅವನ ಹೆಂಡತಿ ಎತ್ತಿ, "ಅಕ್ಕಾರ, ಈಗ ಮಾತಾಡೂ ಹಂಗಿಲ್ರೀ, ಅತ್ತಿಯವ್ರು..." ಎಂದಳು. ಹಿಂದೆ ಗಂಟೆಯ ಸದ್ದು, ಗದ್ದಲ. ಯಾರೋ ಫೋನು ಕಸಿದುಕೊಂಡರು.

"ಗಿರಿಜಾ. ಮನಿದೇವರ ಗುಡಿಗೆ ಬಂದೀನವಾ. ಮುಡಿ ಕೊಟ್ಟೆ."

ಅವ್ವ. ಅವಳದೇ ದನಿ.

"ಬರೇ ಮೂರು ಕತ್ತರಿ ಅಲ್ಲ, ಪೂರ್ತಿ. ಔಷಧಕ್ಕ ಪುಕ್ಕಟ ಯಾಕ ಕೊಡ್ಲಿ? ದೇವರಿಗೆ ಕೊಟ್ಟೆ, ಬದ್ಲಿಗೆ ಏನ್ ಬೇಕೋ ಕೇಳಿದೆ. ನಾಳೆ ದವಾಖಾನಿಗೆ ಹೋಗ್ತೀನಿ. ಯಾಕ ಅಳಾಕತ್ತೀ? ತಲಿ ಹಗುರ ಆಗೇತಿ, ಗಾಳಿ ತಣ್ಣಗ ಬಡೀತೈತಿ ನೋಡು."

ಬೇಲಿಯ ತಂತಿ ಹಿಡಿದುಕೊಂಡು ನಾನು ಜೋರಾಗಿ ಅತ್ತೆ. ಕೀತ್ ಬೆನ್ನು ತಿರುಗಿಸಿ ನಿಂತು ಬೂಟಿನ ಮಣ್ಣು ಕೆರೆಯುತ್ತಿದ್ದ. ಫೋನು ಇಡುವ ಮುಂಚೆ ಅವ್ವ ಹೇಳಿದಳು, "ಬೇಲೀಗ ಕಟ್ಟೀದ್ದೆಲ್ಲಾ ಬಿಚ್ಚಿ ತಗೊಂಡ ಬಾ. ಚೌರಿ ಮಾಡಿಸ್ಕೊಂತೀನಿ. ಮಂದೀ ಕೂದ್ಲಾ ನನಗ ಬ್ಯಾಡ."

ಹತ್ತನ್ನೂ ಬಿಚ್ಚಿದೆ. ಸೀಗೆಪುಡಿಯಲ್ಲಿ ಮೂರು ಸಲ ತೊಳೆದೆ, ಅಡುಗೆ ಸೋಡಾದಲ್ಲಿ ಒಂದು ಸಲ, ಕೀತ್‌ನ ಪದ್ಧತಿಯಂತೆ. ನನ್ನ ಮೂಗಿಗೆ ಯಾವ ವಾಸನೆಯೂ ಉಳಿಯಲಿಲ್ಲ. ಎರಡು ವಾರಕ್ಕೆ ಡಬ್ಬಿ ಹಿಡಿದು ಹುಬ್ಬಳ್ಳಿಗೆ ಹೋದೆ. ಅವ್ವ ಬೋಳುತಲೆಯ ಮೇಲೆ ಸೆರಗು ಹೊದ್ದು ಕಟ್ಟೆಯ ಮೇಲೆ ಕೂತಿದ್ದಳು. ಮೊದಲ ಔಷಧ ಮುಗಿದಿತ್ತು. ಕಾಲುಚೀಲಗಳನ್ನು ಒಂದೊಂದಾಗಿ ಎತ್ತಿ ಮೂಗಿಗೆ ಹಿಡಿದು ತೊಡೆಯ ಮೇಲಿಟ್ಟುಕೊಂಡಳು. ಹಸಿರು ದಾರದ್ದು ಬಂದಾಗ ಕೈ ತಡೆಯಿತು. ಮತ್ತೊಮ್ಮೆ ಮೂಸಿದಳು. ಅದನ್ನು ತೊಡೆಯ ಮೇಲಿಡದೆ ಕಟ್ಟೆಯ ಆ ತುದಿಗೆ ಇಟ್ಟಳು.

"ಇದು ನಂದಲ್ಲ."

"ನಿಂದ ಅದವಾ, ನಾನ ತುಂಬೀನಿ."

"ನಂದ ಇತ್ತು. ಇದನ್ನ ಯಾರೋ ಕೊಂಡಾರ" ಎಂದಳು. ಜಿಂಕೆ ಅದಕ್ಕೆ ಮುಖ ತಿಕ್ಕಿದ ಸುದ್ದಿಯನ್ನು ನಾನು ಅವಳಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. "ವಾಪಸ್ ಒಯ್ದು ಅಲ್ಲೇ ಕಟ್ಟು. ಕೊಂಡವರ ವಸ್ತು ಮನ್ಯಾಗ ಇಟ್ಕೋಬಾರದು."

ಒಂಬತ್ತರಿಂದ ಒಂದು ಸಣ್ಣ ಚೌರಿಯಾಯಿತು. ಹತ್ತನೆಯದು ನನ್ನ ಜೊತೆ ಬೀಸ್ಟನ್ನಿಗೆ ಬಂತು. ಆದರೆ ಕಟ್ಟಲಿಲ್ಲ. ಇನ್ನೂ ಐದು ಔಷಧ ಬಾಕಿ ಇತ್ತು. ಇದನ್ನು ಕೊಟ್ಟುಬಿಟ್ಟ ಮೇಲೆ ಅವ್ವನಿಗೆ ಏನಾದರೂ ಆದರೆ? ಇದು ನನ್ನ ಬಳಿ ಇರುವವರೆಗೆ ವ್ಯಾಪಾರ ಮುಗಿದಿಲ್ಲ, ಕೊಂಡವಳು ಅಲ್ಲಿಯವರೆಗೆ ಅವ್ವನನ್ನು ಕಾಪಾಡಲೇಬೇಕು ಎಂದು ನನ್ನ ಲೆಕ್ಕ. ವಿಜ್ಞಾನ ಓದಿದವರು ಮೂಢನಂಬಿಕೆಗೆ ಬಿದ್ದರೆ ಓದದವರಿಗಿಂತ ಅಚ್ಚುಕಟ್ಟಾಗಿ ಬೀಳುತ್ತಾರೆ. ಚಳಿಗಾಲವಿಡೀ ಡಬ್ಬಿ ಶೆಲ್ಫಿನ ಮೇಲಿತ್ತು. ಆ ಚಳಿಗಾಲ ಕಾಡಿನ ಆ ಕೂಗು ನಮ್ಮ ಮನೆಯ ಹಿತ್ತಲಿನವರೆಗೂ ಬಂತು. ಒಂದೇ ಸಲ ಬೊಗಳಿ, ನಾನು ಉಸಿರು ಬಿಡುವವರೆಗೆ ಕಾಯುತ್ತಿತ್ತು. ಸಹನಾ ಮುಚ್ಚಳ ತೆಗೆದದ್ದು ಆರೂ ಔಷಧ ಮುಗಿದು ಎಷ್ಟೋ ದಿನದ ಮೇಲೆ. ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ನಾನು ಅದನ್ನು ಅಲ್ಲೇ ಇಟ್ಟುಕೊಂಡಿದ್ದೆ.

ಮೊನ್ನೆ ಶನಿವಾರ ಅವ್ವ ಫೋನು ಮಾಡಿದಳು. ದನಿಯಲ್ಲಿ ಹುಡುಗಿಯ ಹಿಗ್ಗು.

"ಗಿರಿಜಾ, ಇವತ್ತ ಹಣಿಗಿ ಹಾಕಿದೆ. ನಾಕ ಕೂದ್ಲಾ ಉದುರಿದೂವು!"

ಕೂದಲು ಉದುರಿತೆಂದು ಇಷ್ಟು ಸಂತೋಷಪಟ್ಟವರನ್ನು ನಾನು ಬೇರೆ ನೋಡಿಲ್ಲ. ಬೆರಳುದ್ದದ ನಾಲ್ಕು ಕೂದಲನ್ನು ಉಂಡೆ ಮಾಡಿ, ಉಗುಳಿ, ಮಾಡಿನಲ್ಲಿ ಇಟ್ಟಿದ್ದಾಳಂತೆ. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಅದನ್ನ ಕಟ್ಟಿಲ್ಲ ಹೌದಲ್ಲೋ? ರಾತ್ರಿ ನನಗ ಕೇಳ್ತಾಳ ಆಕಿ, ನಂದೆಲ್ಲಿ ಅಂತ."

ಭಾನುವಾರ ಬೆಳಿಗ್ಗೆ ಎದ್ದು ಇಂಗಿನ ಒಗ್ಗರಣೆ ಹಾಕಿದೆ. ಊದಿನಕಡ್ಡಿ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡೆ. ತಲೆಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಹಚ್ಚಿ, ನನ್ನದೇ ಕೋಟು ತೊಟ್ಟು ಬೇಲಿಯ ಹತ್ತಿರ ಹೋದೆ. ಮೂಲೆಯ ಗೂಟಕ್ಕೆ ಹಸಿರು ದಾರ ಬಿಗಿದೆ. ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಊದಿದರೆ ಅದು ನೇರವಾಗಿ ಕಾಡಿನೊಳಗೆ ಹೋಯಿತು. ಯಾರು ಬಂದಿದ್ದಾರೆ, ಯಾರ ಮಗಳು ಎಂದು ಆ ಜಿಂಕೆಗೆ ತಿಳಿಯಲಿ ಎಂದು ಗಾಳಿಗೆ ಬೆನ್ನು ಕೊಟ್ಟು ನಿಂತೆ.

ಪೊದೆಯೊಳಗಿಂದ ಒಂದು ಸಲ ಬೊಗಳಿತು. ನಾನು ಉಸಿರು ಬಿಟ್ಟೆ. ಎರಡನೆಯ ಸಲ ಬೊಗಳಲಿಲ್ಲ.